ಎಲ್ಲಾ ಫೋನಿನಲ್ಲೇ ಆಗುವಾಗ ಚೆಕ್ ಬುಕ್ ಇಟ್ಟುಕೊಳ್ಳಬೇಕಾ?

ಹಳೇ ಚೆಕ್ ಬುಕ್ ಮುಗಿಯಿತು. ತರಕಾರಿಯಿಂದ ಹಿಡಿದು ಕರೆಂಟ್ ಬಿಲ್‌ವರೆಗೆ ಎಲ್ಲಾ ಯುಪಿಐಯಲ್ಲೇ ಕಟ್ಟುತ್ತೇನೆ. ಹೊಸದು ತರಿಸಬೇಕಾ, ಸುಮ್ನೆ ದಂಡವಾ? ಈಚೆಗೆ ಯಾರಿಗಾದರೂ ನಿಜವಾಗಿ ಉಪಯೋಗಕ್ಕೆ ಬಂದಿದೆಯಾ?

— ತರಿಸಿಟ್ಟುಕೊಳ್ಳಿ. ಬೆಂಗಳೂರಿನಲ್ಲಿ ಬಾಡಿಗೆ ಮನೆ ಹಿಡಿದಾಗ ಅಡ್ವಾನ್ಸ್ ಮೂರು ಲಕ್ಷ ಅಂದರು. ಯುಪಿಐಗೆ ಸಾಮಾನ್ಯವಾಗಿ ದಿನಕ್ಕೆ 1 ಲಕ್ಷದ ಮಿತಿ. ನೆಟ್ ಬ್ಯಾಂಕಿಂಗ್‌ನಲ್ಲಿ ಓನರ್ ಖಾತೆ ಸೇರಿಸಿದೆ, ಹೊಸ ಖಾತೆಗೆ ಮೊದಲ ದಿನವೇ ಅಷ್ಟು ದೊಡ್ಡ ಮೊತ್ತ ಕಳಿಸಲು ಬ್ಯಾಂಕ್ ಬಿಡಲಿಲ್ಲ. ಕ್ಯಾಶ್ ಕೊಡೋಣ ಅಂದರೆ 2 ಲಕ್ಷ ಅಥವಾ ಅದಕ್ಕಿಂತ ಜಾಸ್ತಿ ಕ್ಯಾಶ್ ತೆಗೆದುಕೊಂಡವರಿಗೆ ಆದಾಯ ತೆರಿಗೆ ಕಾನೂನಿನಲ್ಲಿ ಅಷ್ಟೇ ಮೊತ್ತದ ದಂಡ ಇದೆ, ಓನರ್ ಯಾಕೆ ಒಪ್ಪುತ್ತಾರೆ? ಕೊನೆಗೆ ಚೆಕ್ ಬರೆದುಕೊಟ್ಟು, ಅದರ ನಂಬರ್ ಮತ್ತು ತಾರೀಖನ್ನು ಕರಾರಿನಲ್ಲೇ ಬರೆಸಿದೆ. ಮನೆ ಬಿಡುವಾಗ ಎಷ್ಟು ಕೊಟ್ಟಿದ್ದೆ ಅನ್ನುವ ತಕರಾರೇ ಬರಲಿಲ್ಲ.

— ಖಾತೆ ನಂಬರ್ ಸರಿಯಿದೆಯಾ ಅಂತ ನೋಡಲು ಕ್ಯಾನ್ಸಲ್ ಮಾಡಿದ ಚೆಕ್ ಕೇಳುವವರು ಇನ್ನೂ ಇದ್ದಾರೆ ಸರ್. ಪಿಎಫ್‌ನವರು 2025ರ ಏಪ್ರಿಲ್‌ನಲ್ಲಿ ಅದರ ಫೋಟೋ ಬೇಡ ಅಂದರು, ಆದರೆ ನನ್ನ ಹೊಸ ಆಫೀಸಿನ ಎಚ್‌ಆರ್ ಬೇಕೇ ಬೇಕು ಅಂದರು. ಎರಡು ಗೆರೆ ಎಳೆದು ಕ್ಯಾನ್ಸಲ್ಡ್ ಅಂತ ಬರೆದರೆ ಸಾಕು. ಸಹಿ ಹಾಕಬೇಡಿ.

— ಇಟ್ಟುಕೊಳ್ಳಿ, ಆದರೆ ಖಾಲಿ ಚೆಕ್‌ಗೆ ಸಹಿ ಹಾಕಿ ಯಾರಿಗೂ ಕೊಡಬೇಡಿ. ನಮ್ಮ ಚಿಕ್ಕಪ್ಪ ಕೈಸಾಲಕ್ಕೆ ಭದ್ರತೆ ಅಂತ ಹಾಗೆ ಕೊಟ್ಟರು, ಸಾಲ ತೀರಿದ ಮೇಲೂ ವಾಪಸ್ ಇಸಿದುಕೊಳ್ಳಲಿಲ್ಲ. ಸಾಲ ಕೊಟ್ಟವರು ತಮಗೆ ತೋಚಿದ ಮೊತ್ತ ತುಂಬಿ ಬ್ಯಾಂಕಿಗೆ ಹಾಕಿದರು, ಬೌನ್ಸ್ ಆಯಿತು, ಚೆಕ್ ಬೌನ್ಸ್‌ಗೆ ಶಿಕ್ಷೆ ಹೇಳುವ 138ನೇ ಸೆಕ್ಷನ್ ಕೇಸು ಅಂತ ಕೋರ್ಟಿಗೆ ಅಲೆದಾಟ. ಎರಡು ವರ್ಷದವರೆಗೆ ಜೈಲು, ಇಲ್ಲವೇ ಚೆಕ್ ಮೊತ್ತದ ಎರಡರಷ್ಟರವರೆಗೆ ದಂಡ, ಅಥವಾ ಎರಡೂ ಆಗಬಹುದು. ಚೆಕ್ ಇಸಿದುಕೊಳ್ಳುವವರಿಗೆ ಅದರ ಮೇಲೆ ನಂಬಿಕೆ ಇರುವುದೂ ಇದೇ ಕಾನೂನಿನಿಂದ, ಅಲ್ವಾ?

— ಇನ್ನೊಂದು. 5 ಲಕ್ಷಕ್ಕೋ ಅದಕ್ಕಿಂತ ಜಾಸ್ತಿಗೋ ಬರೆದರೆ ಬ್ಯಾಂಕ್ ಆಪ್‌ನಲ್ಲಿ ಪಾಸಿಟಿವ್ ಪೇ ವಿವರ (ಯಾರಿಗೆ, ಎಷ್ಟಕ್ಕೆ, ಯಾವ ತಾರೀಖಿಗೆ ಚೆಕ್ ಬರೆದಿದ್ದೀರಿ ಅಂತ ಬ್ಯಾಂಕಿಗೆ ಮೊದಲೇ ತಿಳಿಸುವುದು) ತುಂಬಿ, ಇಲ್ಲದಿದ್ದರೆ ಎಷ್ಟೋ ಬ್ಯಾಂಕುಗಳು ಚೆಕ್ ವಾಪಸ್ ಮಾಡುತ್ತವೆ. ಯಾರಾದರೂ ನಿಮಗೆ ಚೆಕ್ ಕೊಟ್ಟರೆ ಬೀರುವಿನಲ್ಲಿ ಇಡಬೇಡಿ, ಬರೆದ ತಾರೀಖಿನಿಂದ 3 ತಿಂಗಳಷ್ಟೇ ಆಯಸ್ಸು. ಮೊದಲು 6 ತಿಂಗಳಿತ್ತು, 2012ರಲ್ಲಿ ಇಳಿಸಿದರು.

— ಎಲ್ಲರಿಗೂ ಥ್ಯಾಂಕ್ಸ್. ಚಿಕ್ಕ ಬುಕ್ಕೇ ಸಾಕು ಅನ್ನಿಸುತ್ತಿದೆ, ಸೋಮವಾರ ಅರ್ಜಿ ಹಾಕುತ್ತೇನೆ.