ಮಳೆಗಾಲದಲ್ಲಿ ಅಳಿವೆ ಬದಿ ಗಾಳ ಹಾಕಲಿಕ್ಕೆ ಯಾವ ಮಾಡು (ಸೂರು) ಒಳ್ಳೆಯದು?

ಪ್ರಶ್ನೆ, ಕಾಸರಗೋಡು ಬದಿಯ ಆರಿಕ್ಕಾಡಿಯಿಂದ

ಶಿರಿಯ ಹೊಳೆ ಸಮುದ್ರ ಸೇರುವ ಅಳಿವೆಯ ಹತ್ತಿರ ರಾತ್ರಿ ಗಾಳ ಹಾಕುವ ಮೂರು ಜನರಿಗೆ ಒಂದು ಆಸರೆ ಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆ ತಡೆಯಬೇಕು. ವಾಹನ ಹೋಗದ ಜಾಗ, ಅರ್ಧ ಕಿಲೋಮೀಟರ್ ಹೊತ್ತುಕೊಂಡು ನಡೆಯಲಿಕ್ಕುಂಟು. ಕೆನಡಾದಲ್ಲಿರುವ ನೆಂಟರೊಬ್ಬರು ಮಂಜುಗಡ್ಡೆಯ ಮೇಲೆ ಮೀನು ಹಿಡಿಯುವವರ ಟೆಂಟ್ ತಂದುಕೊಡುತ್ತೇನೆ ಅಂತಿದ್ದಾರೆ. ಅಲ್ಲಿಯ ಹಿಮಗಾಳಿ ತಡೆಯುವಂಥದ್ದು ಇಲ್ಲಿಯ ಮಳೆಗೆ ಆಗಲಿಕ್ಕಿಲ್ಲವೇ? ಇಲ್ಲ, ಟಾರ್ಪಾಲೇ ಸಾಕೇ? ಗೊತ್ತಿದ್ದವರು ಸ್ವಲ್ಪ ಬಿಡಿಸಿ ಹೇಳಿ.

ಬದಿಯಡ್ಕದವರು, ಈಗ ಕೆನಡಾದ ವಿನ್ನಿಪೆಗ್‌ನಲ್ಲಿ

ತರಿಸಬೇಡಿ ಮಾರಾಯ್ರೆ. ಟೆಂಟ್ ಒಳ್ಳೆಯದೇ, ಆದರೆ ಅದರ ಕೆಲಸ ಬೇರೆ. ಇಲ್ಲಿ ಹೆಪ್ಪುಗಟ್ಟಿದ ಕೆರೆಯಲ್ಲಿ ಎಂಟೋ ಹತ್ತೋ ಇಂಚಿನ ತೂತು ಕೊರೆದು, ಆ ತೂತನ್ನು ಒಳಗೆ ಹಾಕಿಕೊಂಡು ಟೆಂಟ್ ನಿಲ್ಲಿಸುವುದು. ತಂಗೂಸು (ಗಾಳದ ದಾರ) ಕೂತಲ್ಲಿಂದ ನೇರ ಕೆಳಗೆ ಇಳಿಯುತ್ತದೆ, ಬೀಸಿ ಎಸೆಯುವ ಪ್ರಶ್ನೆಯೇ ಇಲ್ಲ. ಅದಕ್ಕೇ ನಾಲ್ಕೂ ಸುತ್ತು ಮುಚ್ಚಿರುತ್ತದೆ. ಬುಡದ ಸುತ್ತ ಅಗಲದ ಒಂದು ಅಂಚು ಇರುತ್ತದೆ, ಅದರ ಮೇಲೆ ಹಿಮ ರಾಶಿ ಹಾಕಿ ಗಾಳಿ ಒಳಗೆ ಬಾರದ ಹಾಗೆ ಮಾಡುತ್ತಾರೆ. ಹೊರಗೆ ಮೈನಸ್ 25 ಇದ್ದರೂ ಒಳಗೆ ಸಣ್ಣ ಗ್ಯಾಸ್ ಹೀಟರ್ ಇಟ್ಟು ಕೂರಲಿಕ್ಕೆ ಇರುವ ಏರ್ಪಾಡು ಅದು.

ಮಳೆಯಲ್ಲಿ ಅದು ಸೋಲುವುದು ಹೊಲಿಗೆಯಲ್ಲಿ. ಕಡು ಚಳಿಯ ಹಿಮ ಒಣ ಪುಡಿ, ಕೊಡವಿದರೆ ಬೀಳುತ್ತದೆ. ಹಾಗಾಗಿ 300 ಅಥವಾ 600 ಡೆನಿಯರ್ (ನೂಲಿನ ದಪ್ಪದ ಅಳತೆ) ಬಟ್ಟೆ ಗಟ್ಟಿಯಿದ್ದರೂ ಹೊಲಿಗೆಯ ಮೇಲೆ ಟೇಪ್ ಅಂಟಿಸಿರುವುದು ಕಡಿಮೆ. ಜಡಿಮಳೆಗೆ ಸೂಜಿತೂತುಗಳಿಂದ, ಕಡ್ಡಿಗಳು ಕೂಡುವ ನಡುಗುಬ್ಬಿಯಿಂದ ನೀರು ಇಳಿಯುತ್ತದೆ. ನಡುವೆ ಹತ್ತಿಯಂಥ ಪದರ ಇರುವ ಇನ್ಸುಲೇಟೆಡ್ ಮಾದರಿಯಾದರೆ ಆ ಪದರ ನೀರು ಹೀರುತ್ತದೆ. ಮೊದಲೇ 12–15 ಕೆಜಿ, ಒದ್ದೆಯಾದ ಮೇಲೆ ಅರ್ಧ ಕಿಲೋಮೀಟರ್ ಹೊರುವುದು ಯಾರು? ಜುಲೈಯಲ್ಲಿ ಒಣಗಿಸುವುದು ಎಲ್ಲಿ?

ಸೆಕೆಯೂ ಉಂಟು. ಸುಮ್ಮನೆ ಕೂತ ಮೂರು ಜನರ ಮೈಶಾಖವೇ ಹೆಚ್ಚುಕಡಿಮೆ 300 ವ್ಯಾಟ್. ಚಳಿ ನಾಡಿನಲ್ಲಿ ಅದು ಲಾಭ. ಊರಿನ ತೇವದ ಗಾಳಿಯಲ್ಲಿ ಮುಚ್ಚಿ ಕೂತರೆ ಮಳೆಯಿಂದ ಅಲ್ಲ, ಬೆವರಿನಿಂದಲೇ ಒದ್ದೆ. ಜೊತೆಗೆ ಬರುವ ಸ್ಕ್ರೂ ಆಣಿ ಮಂಜುಗಡ್ಡೆಗೆ ತಿರುಪಲಿಕ್ಕೆ ಮಾಡಿದ್ದು, ಹೊಯಿಗೆಯಲ್ಲಿ (ಮರಳಿನಲ್ಲಿ) ಹಿಡಿಯುವುದಿಲ್ಲ.

ಮಡಚಿದ ಕಟ್ಟು 120–150 ಸೆಂ.ಮೀ. ಉದ್ದ. ವಿಮಾನದ ಪೆಟ್ಟಿಗೆಗೆ ಉದ್ದ, ಅಗಲ, ಎತ್ತರ ಮೂರೂ ಸೇರಿ ಸಾಮಾನ್ಯವಾಗಿ 158 ಸೆಂ.ಮೀ. ಮಿತಿ. ನೆಂಟರಿಗೆ ಹೆಚ್ಚುವರಿ ದುಡ್ಡು ತೆರುವ ಕೆಲಸ. ಅದರ ಬದಲು ಒಂದು ಒಳ್ಳೆಯ ರೀಲ್ ಮತ್ತು ನೀರು ಹೋಗದ ತಲೆದೀಪ ಹೇಳಿ.

ಮೊಗ್ರಾಲ್‌ನಿಂದ

ನಮಗೆ ಬೇಕಾದ್ದು ಕೋಣೆ ಅಲ್ಲ. ಒಂದು ಮಾಡು, ಒಂದು ಬೆನ್ನುಗೋಡೆ, ಮುಂದೆ ಪೂರ್ತಿ ತೆರೆದಿರಬೇಕು. ಗಾಳದ ರಾಡ್ ಹೊರಗಿರುತ್ತದೆ, ಅದಕ್ಕೆ ಕಟ್ಟಿದ ಗಂಟೆ ಆಡಿದರೆ ನಾಲ್ಕು ಹೆಜ್ಜೆಯಲ್ಲಿ ಕೈಗೆ ಸಿಗಬೇಕು. ಜಿಪ್ ಹುಡುಕುತ್ತ ಕೂತರೆ ಅಷ್ಟರಲ್ಲಿ ಕೆಂಬೇರಿ ಮೀನು ಕಲ್ಲಿನೆಡೆ ಹೊಕ್ಕು ತಂಗೂಸು ಕಡಿದಾಯಿತು.

ಮೂರು ಜನರಿಗೆ 12×15 ಅಡಿಯ ಟಾರ್ಪಾಲ್, 150 ಜಿಎಸ್‌ಎಂ. ಜಿಎಸ್‌ಎಂ ಅಂದರೆ ಒಂದು ಚದರ ಮೀಟರಿಗೆ ಇಷ್ಟು ಗ್ರಾಂ. ತೂಕ ಎರಡೂವರೆ ಕೆಜಿ. 90 ಜಿಎಸ್‌ಎಂನ ತೆಳು ನೀಲಿ ಹಾಳೆ ಗಾಳಿಗೆ ಪಟಪಟ ಬಡಿದುಕೊಂಡು ಒಂದೇ ಮಳೆಗಾಲಕ್ಕೆ ಮಡಿಕೆಗಳಲ್ಲಿ ತೂತು ಬೀಳುತ್ತದೆ. 200ರದ್ದು ಬಾಳುತ್ತದೆ, ಆದರೆ ಮಡಚಲಿಕ್ಕೆ ಕಷ್ಟ, ಒಂದೇ ಜಾಗದಲ್ಲಿ ಬಿಟ್ಟುಬರುವವರಿಗೆ ಸರಿ. ಮನೆಯಲ್ಲಿ ಅಡಿಕೆ ಹರವುವ ಹಳೆಯ ಟಾರ್ಪಾಲ್ ಇದ್ದರೆ ಬಿಸಿಲಿಗೆ ಎತ್ತಿ ಹಿಡಿದು ನೋಡಿ, ಸೂಜಿಮೊನೆಯಷ್ಟು ಬೆಳಕು ಕಂಡಲ್ಲೆಲ್ಲ ಸೋರುತ್ತದೆ.

ಕಟ್ಟುವ ಕ್ರಮ ಹೀಗೆ. ಮುಂದೆ ಆರಡಿಯ ಎರಡು ಕಂಬ, ಅಡಿಕೆ ಮರದ ಸೀಳು ಅಥವಾ ಬಿದಿರು. ಎರಡರ ತಲೆಗೂ ಅಡ್ಡ ಒಂದು ಹಗ್ಗ ಬಿಗಿದು, ಅದರ ಎರಡೂ ತುದಿಯನ್ನು ಹೊರಬದಿಗೆ ಎಳೆದು ಕಟ್ಟಿ. ಟಾರ್ಪಾಲಿನ 15 ಅಡಿಯ ಬದಿ ಹಗ್ಗದ ಉದ್ದಕ್ಕೆ ಬರಲಿ. 12 ಅಡಿಯಲ್ಲಿ ಹತ್ತು ಅಡಿ ಹಿಂದಕ್ಕೆ ಇಳಿದು ನೆಲ ಮುಟ್ಟಲಿ, ಎರಡು ಅಡಿ ಹಗ್ಗದ ಮೇಲಿಂದ ಮುಂದಕ್ಕೆ ಚಾಚಲಿ. ಆರು ಅಡಿ ಎತ್ತರ, ಹತ್ತು ಅಡಿ ಇಳಿಜಾರು ಅಂದರೆ ನೆಲದಲ್ಲಿ ಎಂಟು ಅಡಿ ಆಳ ಸಿಗುತ್ತದೆ. ಹಿಂದಿನ ಎರಡು ಮೂರು ಅಡಿ ತಗ್ಗು, ಅಲ್ಲಿ ಚೀಲ, ಪೆಟ್ಟಿಗೆ. ಮುಂದಿನ ಚಾಚು ಸ್ವಲ್ಪ ಕೆಳಮುಖವಾಗಿ ಇರಬೇಕು, ಇಲ್ಲದಿದ್ದರೆ ಗಾಳಿ ಅಲ್ಲಿಗೇ ಕೈಹಾಕಿ ಎತ್ತುತ್ತದೆ.

ಇಳಿಜಾರು ಕಡಿಮೆ ಮಾಡಿ ಒಳಗೆ ಜಾಗ ಹೆಚ್ಚಿಸುವ ಆಸೆ ಬೇಡ. ಚಪ್ಪಟೆಯಾದಲ್ಲಿ ಟಾರ್ಪಾಲ್ ಜೋತು ನೀರು ನಿಲ್ಲುತ್ತದೆ. ಒಂದು ಮೀಟರ್ ಚೌಕದಲ್ಲಿ ಐದು ಸೆಂ.ಮೀ. ನೀರು ನಿಂತರೂ 50 ಕೆಜಿ. ಆಮೇಲೆ ಹರಿಯುವುದು ಕಂಬದ ಹತ್ತಿರದ ಕಣ್ಣು (ಹಗ್ಗ ಕಟ್ಟುವ ತೂತು).

ಕಣ್ಣುಗಳನ್ನು ನಂಬಿ ಕಟ್ಟಲೇಬೇಡಿ. ನೆಲ್ಲಿಕಾಯಿ ಗಾತ್ರದ ನುಣ್ಣನೆ ಕಲ್ಲನ್ನು ಟಾರ್ಪಾಲಿನ ಒಳಬದಿಯಿಂದ ಒತ್ತಿ, ಹೊರಗಿನಿಂದ ಅದರ ಕುತ್ತಿಗೆಗೆ ಹಗ್ಗ ಸುತ್ತಿ ಬಿಗಿದರೆ ಎಳೆತ ಬಟ್ಟೆಯಲ್ಲಿ ಹಂಚಿಹೋಗುತ್ತದೆ. ಹಗ್ಗ ಮತ್ತು ಗೂಟದ ನಡುವೆ ಸೈಕಲ್ ಟ್ಯೂಬಿನ ಒಂದು ಗೇಣು ತುಂಡು ಸೇರಿಸಿ, ಗಾಳಿಯ ಜಗ್ಗು ಅದು ತಿನ್ನುತ್ತದೆ. ಹಗ್ಗದ ಗುಂಟ ನೀರು ಒಳಗೆ ಹರಿದು ಬರುವುದು ಎಲ್ಲರ ದೂರು. ಮಾಡಿನ ಅಂಚಿನಿಂದ ಒಂದು ಗೇಣು ಹೊರಗೆ ಹಗ್ಗಕ್ಕೆ ಬಟ್ಟೆಚೂರು ಕಟ್ಟಿ ಇಳಿಬಿಟ್ಟರೆ ನೀರು ಅಲ್ಲಿಯೇ ತೊಟ್ಟಿಕ್ಕುತ್ತದೆ.

ದಿಕ್ಕು ಮುಖ್ಯ. ಜೂನ್‌ನಿಂದ ಆಗಸ್ಟ್‌ವರೆಗೆ ಗಾಳಿ ಪಶ್ಚಿಮದಿಂದ, ನೈಋತ್ಯದಿಂದ. ಬೆನ್ನು ಆ ಕಡೆ ಇರಲಿ. ಅಂದರೆ ನೀವು ಗಾಳ ಹಾಕುವುದು ಅಳಿವೆಯ ಒಳಬದಿಯಲ್ಲಿ, ಪೂರ್ವಕ್ಕೋ ಈಶಾನ್ಯಕ್ಕೋ ಮುಖ ಮಾಡಿ. ಸಮುದ್ರಕ್ಕೆ ಮುಖ ಮಾಡಿ ಕೂರಲೇಬೇಕೆಂದರೆ ಮಾಡಿನ ವಿಚಾರ ಬಿಡಿ, ರೇನ್‌ಕೋಟ್ ಹಾಕಿಕೊಳ್ಳಿ.

ಉಪ್ಪಳದಿಂದ

ಒಬ್ಬರೇ ಹೋಗುವುದಾದರೆ ಇಷ್ಟೆಲ್ಲ ಬೇಡ. ಎರಡೂವರೆ ಮೀಟರ್ ಅಗಲದ ಗಾಳದ ಕೊಡೆ ಸಿಗುತ್ತದೆ, ಕತ್ತು ಓರೆಯಾಗುವಂಥದ್ದೇ ತೆಗೆದುಕೊಳ್ಳಿ. ಕೋಲು ಹೊಯಿಗೆಯಲ್ಲಿ ಒಂದೂವರೆ ಅಡಿ ಇಳಿಯಬೇಕು, ಗಾಳಿಯ ಬದಿಗೆ ಓರೆ ಮಾಡಿ ಎರಡು ಹಗ್ಗ. ಜೋರು ಗಾಳಿಗೆ ಮಗುಚುತ್ತದೆ, ಅದಕ್ಕೆ ಮದ್ದಿಲ್ಲ. ಮೂವರಿಗೆ ಟಾರ್ಪಾಲೇ.

ಕೇಳಿದವರು, ಆರಿಕ್ಕಾಡಿ

ದಿಕ್ಕಿನ ವಿಷಯ ಯೋಚಿಸಿಯೇ ಇರಲಿಲ್ಲ. ನಮ್ಮ ಜಾಗದಲ್ಲಿ ನೀರಿನ ಹತ್ತಿರ ಬರೀ ಹೊಯಿಗೆ, ಸ್ವಲ್ಪ ಮೇಲೆ ಮುರಕಲ್ಲಿನ (ಜಂಬಿಟ್ಟಿಗೆ ಕಲ್ಲಿನ) ಹಾಸು. ಗೂಟ ಒಂದರಲ್ಲಿ ನಿಲ್ಲುವುದಿಲ್ಲ, ಇನ್ನೊಂದರಲ್ಲಿ ಇಳಿಯುವುದಿಲ್ಲ. ಏನು ಮಾಡುವುದು?

ಕಾಸರಗೋಡು ಕಸಬದಿಂದ

ಗೂಟ ಮರೆತುಬಿಡಿ, ತೂಕ ಹೂಳಿ. ಗಾಳಿಯ ಎದುರು ನಿಮ್ಮ ಮಾಡು 15 ಅಡಿ ಅಗಲ, 6 ಅಡಿ ಎತ್ತರ. ಗಂಟೆಗೆ 40 ಕಿ.ಮೀ. ಗಾಳಿ ಅದನ್ನು ಸುಮಾರು 60 ಕೆಜಿಯಷ್ಟು ತಳ್ಳುತ್ತದೆ. 60 ಕಿ.ಮೀ. ಆದರೆ 140 ಕೆಜಿ ಹತ್ತಿರ. ವೇಗ ಒಂದೂವರೆ ಪಟ್ಟಾದರೆ ತಳ್ಳು ಎರಡು ಪಟ್ಟಿಗಿಂತ ಹೆಚ್ಚು, ಇದನ್ನು ಲೆಕ್ಕ ಹಾಕದವರ ಟಾರ್ಪಾಲೇ ಹೊಳೆಗೆ ಹೋಗುವುದು.

ಹೊಯಿಗೆಯಲ್ಲಿ: ಖಾಲಿ ಗೊಬ್ಬರದ ಚೀಲ ಎಂಟು ತೆಗೆದುಕೊಂಡು ಹೋಗಿ, ಹಗುರ. ಅಲ್ಲಿಯೇ ಒಂದೊಂದಕ್ಕೆ ಹತ್ತು ಲೀಟರ್ ಬಕೆಟ್ ಒಂದರಷ್ಟು ಒದ್ದೆ ಹೊಯಿಗೆ ತುಂಬಿ, 18–20 ಕೆಜಿ ಆಗುತ್ತದೆ. ಬಾಯಿ ಕಟ್ಟಿ, ಚೀಲದ ಸೊಂಟಕ್ಕೆ ಹಗ್ಗ ಹಾಕಿ, ಒಂದೂವರೆ ಅಡಿ ಹೊಂಡದಲ್ಲಿ ಅಡ್ಡ ಮಲಗಿಸಿ ಮುಚ್ಚಿ ತುಳಿಯಿರಿ. ಮೇಲಿನ ಹೊಯಿಗೆಯ ಭಾರವೂ ಸೇರುವುದರಿಂದ ಅದು ತನ್ನ ತೂಕಕ್ಕಿಂತ ಎಷ್ಟೋ ಹೆಚ್ಚು ಹಿಡಿಯುತ್ತದೆ. ಹಿಂದಿನ ಅಂಚಿಗೆ ನಾಲ್ಕು, ಕಂಬದ ಹಗ್ಗಕ್ಕೆ ಎರಡು, ಮುಂದಿನ ಚಾಚಿಗೆ ಎರಡು. ಹಗ್ಗ ನೆಲದಿಂದ ಓರೆಯಾಗಿ ಬರಲಿ, ನೇರ ಮೇಲಕ್ಕೆ ಎಳೆದರೆ ಚೀಲ ಏಳುತ್ತದೆ.

ಮುರಕಲ್ಲಿನ ಹಾಸಿನಲ್ಲಿ: ಕಟ್ಟಡದ ಕಲ್ಲು ಹತ್ತಿರ ಸಿಕ್ಕಿದರೆ ಒಂದಕ್ಕೆ 25–30 ಕೆಜಿ, ಎರಡೆರಡು ಜೋಡಿಸಿ ಕಟ್ಟಿ. ಹಾಸಿನಲ್ಲಿ ಸವೆದ ತೂತುಗಳಿದ್ದರೆ ಹಗ್ಗದ ತುದಿಗೆ ಗಟ್ಟಿ ಕೋಲಿನ ತುಂಡು ಕಟ್ಟಿ ತೂರಿಸಿ ಅಡ್ಡ ತಿರುಗಿಸಬಹುದು. ಕಲ್ಲಿನ ಅಂಚಿಗೆ ತಾಗುವಲ್ಲಿ ಹಗ್ಗಕ್ಕೆ ಹಳೆ ಟ್ಯೂಬ್ ಸುತ್ತಿ, ಮುರಕಲ್ಲು ಅರದ ಹಾಗೆ ತಿನ್ನುತ್ತದೆ.

ಮುಂದಿನ ಎರಡೂ ಹಗ್ಗಕ್ಕೆ ಜೀರುಗುಣಿಕೆಯೇ (ತುದಿ ಎಳೆದರೆ ಬಿಚ್ಚುವ ಗಂಟು) ಹಾಕಿ. ಗಾಳಿ ಮಿತಿಮೀರಿದರೆ ಒಂದೇ ಎಳೆತಕ್ಕೆ ಬಿಚ್ಚಿ ಕಂಬ ಮಲಗಿಸಿ, ಟಾರ್ಪಾಲ್ ಮೇಲೆ ಕೂತುಬಿಡಿ. ಕತ್ತಲೆಯಲ್ಲಿ, ಒದ್ದೆ ಕೈಯಲ್ಲಿ ಬೇರೆ ಗಂಟು ಬಿಚ್ಚಲಿಕ್ಕೆ ಆಗುವುದಿಲ್ಲ.

ಚೆರ್ಕಳದಿಂದ

ಎಲ್ಲರೂ ಮಾಡಿನ ಬಗ್ಗೆಯೇ ಹೇಳುತ್ತಿದ್ದೀರಿ, ಜಾಗದ ಬಗ್ಗೆ ಯಾರೂ ಹೇಳಲಿಲ್ಲ. ದಡದಲ್ಲಿ ಕಸ, ಕಡ್ಡಿ ಸಾಲಾಗಿ ನಿಂತ ಗೆರೆ ಇರುತ್ತದಲ್ಲ, ಅದು ಹಿಂದಿನ ಭರತದ (ಉಬ್ಬರದ) ಗುರುತು. ಅಲ್ಲಿಂದ ಕನಿಷ್ಠ ಒಂದು ಮೀಟರ್ ಎತ್ತರದಲ್ಲಿ ಕಟ್ಟಬೇಕು. ಅಮಾವಾಸ್ಯೆ, ಹುಣ್ಣಿಮೆ ಕಳೆದು ಒಂದೆರಡು ದಿನಕ್ಕೆ ಭರತ ಅತ್ಯಂತ ಎತ್ತರ. ಹನ್ನೆರಡೂವರೆ ಗಂಟೆಗೊಮ್ಮೆ ನೀರು ಏರುವುದರಿಂದ ಸಂಜೆ ಇಳಿತದಲ್ಲಿ ಕಟ್ಟಿದ ಮಾಡಿಗೆ ನಡುರಾತ್ರಿ ನೀರು ಬರುವುದು ಮಾಮೂಲು.

ಇದಕ್ಕಿಂತ ಅಪಾಯ ಮೇಲಿನಿಂದ ಬರುವ ನೀರು. ಕಾಸರಗೋಡಿನ ಚಂದ್ರಗಿರಿ ಹೊಳೆಯನ್ನೇ ನೋಡಿ, ಅದಕ್ಕೆ ಪಯಸ್ವಿನಿಯ ನೀರು ಕೊಡಗಿನ ಬೆಟ್ಟದಿಂದ ಸುಳ್ಯ ದಾಟಿ ಬರುತ್ತದೆ. ಕಾಸರಗೋಡಿನಲ್ಲಿ ಮಳೆ ಬಿಟ್ಟಿದ್ದರೂ ಹೊಳೆ ಏರಬಹುದು. ನೀರು ಕೆಂಪಾಗಿ, ಸಿಪ್ಪೆ, ಕೊಂಬೆ ತೇಲಿ ಬರಲು ಸುರುವಾದರೆ ಆ ರಾತ್ರಿ ಮುಗಿಯಿತು, ಎದ್ದುಬಿಡಿ. ಅಳಿವೆಯ ಹೊಯಿಗೆ ದಡ ಬುಡದಿಂದ ಕೊರೆದು ಒಮ್ಮೆಲೇ ಕುಸಿಯುತ್ತದೆ, ರಾಡ್ ಸ್ಟ್ಯಾಂಡ್ ಮಾತ್ರ ಅಂಚಿನ ಹತ್ತಿರ, ಮನುಷ್ಯರು ಐದು ಮೀಟರ್ ಹಿಂದೆ. ತೆಂಗಿನ ಮರದ ಅಡಿಯಲ್ಲಿ ಕಟ್ಟಬೇಡಿ ಅಂತ ಬೇರೆ ಹೇಳಬೇಕಾಗಿಲ್ಲ.

ಸೆಪ್ಟೆಂಬರ್ ಕಳೆದೂ ಮುಂದುವರಿಸುವುದಾದರೆ ತುಲಾಮಳೆಯ (ಅಕ್ಟೋಬರ್–ನವೆಂಬರ್ ಮಳೆಯ) ಸಿಡಿಲು. ಯಾವ ಟಾರ್ಪಾಲೂ ಸಿಡಿಲು ತಡೆಯದು, ಕಾರ್ಬನ್ ರಾಡ್ ವಿದ್ಯುತ್ ಹರಿಸುತ್ತದೆ. ಮಿಂಚಿಗೂ ಗುಡುಗಿಗೂ 30 ಸೆಕೆಂಡ್‌ಗಿಂತ ಕಡಿಮೆ ಅಂತರವಾದರೆ ಸಿಡಿಲು ಹತ್ತು ಕಿಲೋಮೀಟರ್ ಒಳಗಿದೆ. ರಾಡ್ ನೆಲಕ್ಕಿಟ್ಟು ಕಾಂಕ್ರೀಟ್ ಕಟ್ಟಡಕ್ಕೋ ಕಾರಿನೊಳಗೋ ಹೋಗಿ, ಕೊನೆಯ ಗುಡುಗಿನ ನಂತರ ಅರ್ಧ ಗಂಟೆ ಹೊರಗೆ ಬರಬೇಡಿ.

ಮೊಗ್ರಾಲ್‌ನಿಂದ, ಮತ್ತೆ

ಸ್ಟವ್ ಮಾಡಿನ ಒಳಗೆ ಹಚ್ಚಬೇಡಿ, ಮುಂದಿನ ಚಾಚಿನ ಹೊರಗೆ. ಪ್ಲಾಸ್ಟಿಕ್ ಹತ್ತಿದರೆ ಕರಗಿ ಮೈಮೇಲೆ ಹನಿಯುತ್ತದೆ. ಕೂರಲಿಕ್ಕೆ ನೆಲಹಾಸು ಬೇರೆ ಇರಲಿ, ಅಂಚು ಮೇಲಕ್ಕೆ ಮಡಚಿ. ಕೊಳಕುಮಂಡಲ ಹಾವು ಬೆಚ್ಚಗಿನ ಒಣ ಜಾಗ ಹುಡುಕಿ ಬರುತ್ತದೆ, ಹಿಂದಿನ ತಗ್ಗಿನಲ್ಲಿ ಚೀಲಕ್ಕೆ ಕೈ ಹಾಕುವ ಮೊದಲು ಟಾರ್ಚ್ ಬಿಡಿ. ಮನೆಗೆ ಬಂದ ಮೇಲೆ ಟಾರ್ಪಾಲ್, ಹಗ್ಗ, ರೀಲ್ ಎಲ್ಲ ಸಿಹಿನೀರಿನಲ್ಲಿ ತೊಳೆದು ಜಗಲಿಯಲ್ಲಿ ನೇತುಹಾಕಿ. ಒದ್ದೆಯಾಗಿ ಮಡಚಿಟ್ಟರೆ ಬೂಷ್ಟು.

ಕೇಳಿದವರು, ಆರಿಕ್ಕಾಡಿ

ಟೆಂಟ್ ಬೇಡ ಅಂತ ಹೇಳಿದ್ದಾಯಿತು. 12×15ರ 150 ಜಿಎಸ್‌ಎಂ ಟಾರ್ಪಾಲ್, ಎಂಟು ಚೀಲ, ಎರಡು ಅಡಿಕೆ ಕಂಬ, ನೈಲಾನ್ ಹಗ್ಗ 30 ಮೀಟರ್. ಸಾಕಲ್ಲ?

ಕಾಸರಗೋಡು ಕಸಬದಿಂದ

ನೈಲಾನ್ ಬೇಡ ಅಣ್ಣ, ಒದ್ದೆಯಾದರೆ ಉದ್ದ ಎಳೆಯುತ್ತದೆ, ಗಂಟೆಗೊಮ್ಮೆ ಎದ್ದು ಬಿಗಿಯಬೇಕು. ಪಾಲಿಯೆಸ್ಟರ್, 6 ಮಿ.ಮೀ. ಅಡ್ಡ ಹಗ್ಗಕ್ಕೇ 11 ಮೀಟರ್ ಹೋಗುತ್ತದೆ, ಉಳಿದದ್ದಕ್ಕೆ 18. ಗಂಟಿಗೆ, ಹೂಳಿದ ಚೀಲಕ್ಕೆ ಸುತ್ತಲಿಕ್ಕೆ ಬೇರೆ ಬೇಕಲ್ಲ? 40 ಮೀಟರ್ ತೆಗೆದುಕೊಳ್ಳಿ. ಮತ್ತೆ ಹೊಂಡ ತೋಡಲಿಕ್ಕೆ ಒಂದು ಸಣ್ಣ ಹಾರೆ (ಗುದ್ದಲಿ).