ವಿಂಡೋಸ್ 11 ಇನ್‌ಸ್ಟಾಲ್ ಒಂದೊಂದು ಸಲ ಒಂದೊಂದು ಕಡೆ ನಿಲ್ಲುತ್ತಿದೆ (ಪರಿಹಾರ ಸಿಕ್ಕಿದೆ)

ಶಾಂತಳ್ಳಿ_ಮಳೆ

ನಮಸ್ಕಾರ. ನಾಲ್ಕು ದಿನದಿಂದ ಒದ್ದಾಡುತ್ತಿದ್ದೇನೆ, ಯಾರಾದರೂ ದಾರಿ ಹೇಳಿ.

ಲ್ಯಾಪ್‌ಟಾಪ್ 2018ರದ್ದು. ಇಂಟೆಲ್ 8ನೇ ಜನರೇಷನ್ ಐ5, 4 ಜಿಬಿಯ ಎರಡು ರ್‍ಯಾಮ್. ತೋಟದ ಲೆಕ್ಕ, ಆಳುಗಳ ಸಂಬಳ, ಕರಿಮೆಣಸು ಎಷ್ಟು ಕೆಜಿ ಯಾರಿಗೆ ಹೋಯಿತು, ಎಲ್ಲಾ ಇದರಲ್ಲೇ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಪೋರ್ಟ್ ನಿಂತ ಮೇಲೂ ಹಾಗೇ ಓಡಿಸುತ್ತಿದ್ದೆ. ಈಗ ಹಾರ್ಡ್‌ಡಿಸ್ಕ್ ತೆಗೆಸಿ ಎಸ್‌ಎಸ್‌ಡಿ ಹಾಕಿಸಿದೆ, ಹಾಗೇ ವಿಂಡೋಸ್ 11 ಹಾಕಿಬಿಡೋಣ ಅಂತ ಕೂತೆ.

ಮೊದಲು "ಈ ಪಿಸಿಯಲ್ಲಿ ವಿಂಡೋಸ್ 11 ಓಡುವುದಿಲ್ಲ" ಅಂತ ಬಂತು. ಬಯೋಸ್‌ನಲ್ಲಿ (ವಿಂಡೋಸ್ ಶುರುವಾಗುವ ಮೊದಲಿನ ಸೆಟ್ಟಿಂಗ್) ಪಿಟಿಟಿ ಆಫ್ ಇತ್ತು. ವಿಂಡೋಸ್ 11 ಕೇಳುವ ಟಿಪಿಎಂ ಅನ್ನುವ ಭದ್ರತಾ ವ್ಯವಸ್ಥೆ ಇದೇ ಅಂತ ಓದಿ ಆನ್ ಮಾಡಿದೆ, ನಂಬಬಹುದಾದ ಸಾಫ್ಟ್‌ವೇರ್ ಮಾತ್ರ ಬೂಟ್ ಆಗಲು ಬಿಡುವ ಸೆಕ್ಯೂರ್ ಬೂಟ್ ಕೂಡ. ಅದು ದಾಟಿತು. ಆಮೇಲೆ ಡಿಸ್ಕ್ ಆರಿಸುವ ಕಡೆ "ಎಂಬಿಆರ್ ಇದೆ, ಜಿಪಿಟಿ ಬೇಕು" ಅಂತ ತಕರಾರು (ಡಿಸ್ಕ್‌ನ ಭಾಗಗಳ ಲೆಕ್ಕ ಬರೆದಿಡುವ ಹಳೇ ಮತ್ತು ಹೊಸ ಪದ್ಧತಿ ಇವು). ಶಿಫ್ಟ್ ಮತ್ತು ಎಫ್10 ಒತ್ತಿ, ಡಿಸ್ಕ್ ಸಿದ್ಧ ಮಾಡುವ ಡಿಸ್ಕ್‌ಪಾರ್ಟ್‌ಗೆ ಹೋಗಿ, ಎಲ್ಲಾ ಒರೆಸುವ ಕ್ಲೀನ್ ಕಮಾಂಡ್ ಕೊಟ್ಟು, ಕನ್ವರ್ಟ್ ಜಿಪಿಟಿ ಕೊಟ್ಟೆ. ಅದೂ ದಾಟಿತು.

ಈಗ ಸಿಕ್ಕಿಬಿದ್ದಿರುವುದು ಮೂರನೆಯದರಲ್ಲಿ. ಫೈಲ್ ಕಾಪಿ ಆಗುವಾಗ "ಬೇಕಾದ ಫೈಲ್ ಹಾಕಲು ಆಗುತ್ತಿಲ್ಲ, ಕೆಟ್ಟಿರಬಹುದು" ಅಂತ ಹೇಳಿ ನಿಲ್ಲುತ್ತದೆ. ಕೋಡಿನ ಕೊನೆಗೆ 80070570 ಇದೆ. ನಮ್ಮಲ್ಲಿ ನೆಟ್‌ವರ್ಕ್ ನೆಚ್ಚಿಕೊಳ್ಳುವ ಹಾಗಿಲ್ಲ, ಅದಕ್ಕೆ ಮಡಿಕೇರಿಯಲ್ಲಿ ತಂಗಿ ಮನೆಯಲ್ಲಿ ಡೌನ್‌ಲೋಡ್ ಮಾಡಿ ತಂದಿದ್ದೆ. ಮತ್ತೆ ಅಲ್ಲಿಗೆ ಹೋಗಬೇಕಾ?

ಗೋಣಿಕೊಪ್ಪ_ಪೆಂಗ್ವಿನ್

ಅಕ್ಕ, ವಿಂಡೋಸ್ ಸಹವಾಸವೇ ಬೇಡ. ಅದರ ಬದಲು ಉಚಿತವಾಗಿ ಸಿಗುವ ಲಿನಕ್ಸ್ ಮಿಂಟ್ ಹಾಕಿ, ಅರ್ಧ ಗಂಟೆಯಲ್ಲಿ ಮುಗಿಯುತ್ತದೆ. ಲೆಕ್ಕಕ್ಕೆ ಲಿಬ್ರೆ ಆಫೀಸ್ ಸಾಕು.

ಇನ್ನೊಂದು ಮಾತು, ಮುಂದೆ ಓದುವವರಿಗೆ. ಡಿಸ್ಕ್‌ಪಾರ್ಟ್‌ನಲ್ಲಿ ಕ್ಲೀನ್ ಕೊಡುವ ಮೊದಲು ಲಿಸ್ಟ್ ಡಿಸ್ಕ್ ಕೊಟ್ಟು ಸೈಜ್ ನೋಡಿಕೊಳ್ಳಿ. ಅದು ಖಚಿತಾನಾ ಅಂತ ಕೇಳುವುದೇ ಇಲ್ಲ. ಬ್ಯಾಕಪ್ ಡಿಸ್ಕ್ ಚುಚ್ಚಿಟ್ಟು ಅದನ್ನೇ ಒರೆಸಿಕೊಂಡವನು ನಾನು.

ಕುಶಾಲನಗರ_ರಿಪೇರಿ

ಮಡಿಕೇರಿಗೆ ಓಡಬೇಡಿ, ಮೊದಲು ಎರಡು ವಿಷಯ ಹೇಳಿ. ಎಷ್ಟು ಸಲ ಪ್ರಯತ್ನಿಸಿದಿರಿ? ಪ್ರತಿ ಸಲ ಎಷ್ಟು ಶೇಕಡಾದಲ್ಲಿ ನಿಂತಿತು?

ತಂಗಿಗೆ ಫೋನ್ ಮಾಡಿ ಒಂದು ಕೆಲಸವನ್ನೂ ಹೇಳಿ. ಅವರ ಕಂಪ್ಯೂಟರ್‌ನಲ್ಲಿ ಐಎಸ್‌ಒ ಫೈಲ್ (ಡೌನ್‌ಲೋಡ್ ಮಾಡಿದ ಇನ್‌ಸ್ಟಾಲ್ ಫೈಲ್) ಇನ್ನೂ ಇದ್ದರೆ ಸರ್ಟ್‌ಯುಟಿಲ್ ಕಮಾಂಡ್‌ನಿಂದ ಎಸ್‌ಎಚ್‌ಎ 256 ಹ್ಯಾಶ್ ತೆಗೆಯಲಿ, ಅದು ಫೈಲ್‌ನ ಬೆರಳಚ್ಚು ಇದ್ದ ಹಾಗೆ. ಮೈಕ್ರೋಸಾಫ್ಟ್‌ನ ಡೌನ್‌ಲೋಡ್ ಪುಟದಲ್ಲೇ ಸರಿಯಾದ ಹ್ಯಾಶ್‌ಗಳ ಪಟ್ಟಿ ಇದೆ. ಹೋಲಿಸಿದರೆ ಫೈಲ್ ಸರಿ ಇದೆಯೋ ಇಲ್ಲವೋ ಗೊತ್ತಾಗುತ್ತದೆ.

ಶಾಂತಳ್ಳಿ_ಮಳೆ

ಮೂರು ಸಲ. 37, 62, ಆಮೇಲೆ 11. ಪೆನ್‌ಡ್ರೈವ್ ಬದಲಿಸಿ ನೋಡಿದೆ, ಯುಎಸ್‌ಬಿ ಪೋರ್ಟ್ ಕೂಡ ಬದಲಿಸಿದೆ. ಆಗ 48ಕ್ಕೆ ನಿಂತಿತು. ಹ್ಯಾಶ್ ತಾಳೆಯಾಗಿದೆ.

ಪೆಂಗ್ವಿನ್ ಹೇಳಿದ ಹಾಗೆ ಮಿಂಟ್ ಕೂಡ ನೋಡಿದೆ. ಅದೂ ಅರ್ಧಕ್ಕೆ ನಿಂತು "ಎರ್ನೋ 5, ಇನ್‌ಪುಟ್ ಔಟ್‌ಪುಟ್ ಎರರ್" ಅಂದಿತು. ಈ ಲ್ಯಾಪ್‌ಟಾಪ್‌ಗೆ ಯಾರೋ ಕಣ್ಣು ಹಾಕಿದ್ದಾರೆ.

ಗೋಣಿಕೊಪ್ಪ_ಪೆಂಗ್ವಿನ್

ಹಾಗಾದರೆ ಎಸ್‌ಎಸ್‌ಡಿಯೇ ಡೊಳ್ಳು. ವಾರಂಟಿ ಇರುವಾಗಲೇ ವಾಪಸ್ ಕೊಟ್ಟುಬಿಡಿ.

ಕುಶಾಲನಗರ_ರಿಪೇರಿ

ತಡೀರಿ, ಅಷ್ಟು ಆತುರ ಬೇಡ. ಆ ನಾಲ್ಕು ನಂಬರೇ ಅರ್ಧ ಕಥೆ ಹೇಳುತ್ತಿವೆ.

ಐಎಸ್‌ಒ ಕೆಟ್ಟಿದ್ದರೆ ಕೆಟ್ಟ ಫೈಲ್ ಇರುವ ಜಾಗ ಒಂದೇ. ಹೆಚ್ಚುಕಮ್ಮಿ ಅದೇ ಶೇಕಡಾದಲ್ಲಿ ಮುಗ್ಗರಿಸಬೇಕು. ನಿಮ್ಮದು 37, 62, 11, 48. ಪೆನ್‌ಡ್ರೈವ್, ಪೋರ್ಟ್ ಬದಲಾದರೂ ಅದೇ ಪಾಡು. ವಿಂಡೋಸ್ ಹೋಗಿ ಮಿಂಟ್ ಬಂದರೂ ಅದೇ ಪಾಡು. ಹಾಗಾದರೆ ಈ ಎಲ್ಲಾ ಪ್ರಯತ್ನದಲ್ಲೂ ಬದಲಾಗದೆ ಉಳಿದದ್ದು ಯಾವುದು? ಎಸ್‌ಎಸ್‌ಡಿ ಮತ್ತು ರ್‍ಯಾಮ್.

ನನ್ನ ಅನುಮಾನ ರ್‍ಯಾಮ್ ಮೇಲೆ. ಇನ್‌ಸ್ಟಾಲ್ ಫೈಲ್‌ಗಳೆಲ್ಲಾ ಒತ್ತಿ ಕಟ್ಟಿದ ಗಂಟು ಇದ್ದ ಹಾಗೆ. ವಿಂಡೋಸ್‌ನಲ್ಲೂ ಅಷ್ಟೇ, ಮಿಂಟ್‌ನಲ್ಲೂ ಅಷ್ಟೇ. ಆ ಗಂಟು ಬಿಚ್ಚುವುದು ರ್‍ಯಾಮ್‌ನಲ್ಲಿ. ಅಲ್ಲಿ ಒಂದೇ ಒಂದು ಬಿಟ್ ಸೊನ್ನೆ ಇದ್ದದ್ದು ಒಂದಾದರೆ ಸಾಕು, ಬಿಚ್ಚಿದ ಫೈಲ್ ತಾಳೆಯಾಗುವುದಿಲ್ಲ. ಪಾಪ, ಇನ್‌ಸ್ಟಾಲರ್‌ಗೆ ರ್‍ಯಾಮ್ ಕೆಟ್ಟಿದೆ ಅಂತ ಎಲ್ಲಿ ಗೊತ್ತಾಗಬೇಕು? ಫೈಲ್ ಕೆಟ್ಟಿದೆ ಅಂತಲೇ ಹೇಳುತ್ತದೆ.

ಮಿಂಟ್ ಲೈವ್‌ನಲ್ಲಿ (ಇನ್‌ಸ್ಟಾಲ್ ಮಾಡದೆ ಪೆನ್‌ಡ್ರೈವ್‌ನಿಂದಲೇ ಓಡುವ ಮಿಂಟ್) ಡಿಸ್ಕ್ಸ್ ಅನ್ನುವ ಆ್ಯಪ್ ತೆರೆದು ಎಸ್‌ಎಸ್‌ಡಿಯ ಸ್ಮಾರ್ಟ್ ವರದಿ, ಅಂದರೆ ಅದರ ಆರೋಗ್ಯದ ವರದಿ ನೋಡಿ. ಆಮೇಲೆ ಬೇರೆ ಪೆನ್‌ಡ್ರೈವ್‌ಗೆ ರ್‍ಯಾಮ್ ಪರೀಕ್ಷಿಸುವ ಮೆಮ್‌ಟೆಸ್ಟ್86+ ಹಾಕಿ ಬೂಟ್ ಮಾಡಿ. ಬೂಟ್ ಆಗದಿದ್ದರೆ ಸೆಕ್ಯೂರ್ ಬೂಟ್ ಸ್ವಲ್ಪ ಹೊತ್ತು ಆಫ್ ಮಾಡಿ, ಆಮೇಲೆ ಮರೆಯದೆ ಆನ್ ಮಾಡಿ.

ಅಂದ ಹಾಗೆ, ಮುಂಚೆ ಕೆಲಸದ ಮಧ್ಯೆ ದಿಢೀರನೆ ನಿಂತು ನೀಲಿ ಪರದೆ ಬರುತ್ತಿತ್ತಾ?

ಶಾಂತಳ್ಳಿ_ಮಳೆ

ಬರುತ್ತಿತ್ತು. ವಾರಕ್ಕೆ ಒಂದೆರಡು ಸಲ. ವಿಂಡೋಸ್ ಹಳೇದಾಯ್ತಲ್ಲ, ಅದಕ್ಕೆ ಅಂದುಕೊಂಡಿದ್ದೆ. ಹೇಳಬೇಕಿತ್ತಾ?

ಕುಶಾಲನಗರ_ರಿಪೇರಿ

ಮೊದಲ ಸಾಲಿನಲ್ಲೇ ಹೇಳಬೇಕಿತ್ತು ಅಕ್ಕ! ರ್‍ಯಾಮ್ ಕೆಟ್ಟರೂ ಅದು ಬರುತ್ತದೆ.

ಶಾಂತಳ್ಳಿ_ಮಳೆ

ಎಸ್‌ಎಸ್‌ಡಿ ವರದಿಯಲ್ಲಿ ಎಲ್ಲಾ ಓಕೆ. ಮೆಮ್‌ಟೆಸ್ಟ್ ಶುರು ಮಾಡಿ ಅಡುಗೆಮನೆಗೆ ಹೋಗಿ ಬರುವಷ್ಟರಲ್ಲಿ ಪರದೆ ತುಂಬಾ ಕೆಂಪು ಸಾಲು. ಎಣಿಸಲಿಲ್ಲ. ಈಗ ಎರಡೂ ರ್‍ಯಾಮ್ ಹೊಸದು ತರಬೇಕಾ?

ಕುಶಾಲನಗರ_ರಿಪೇರಿ

ದುಡ್ಡು ಖರ್ಚು ಮಾಡುವ ಮೊದಲು ಬಿಚ್ಚಿ ನೋಡಿ. ಆಟಿ ತಿಂಗಳಲ್ಲಿ ನನ್ನ ಹತ್ತಿರ ಬರುವ ಲ್ಯಾಪ್‌ಟಾಪ್‌ಗಳಲ್ಲಿ ಭಾಗಮಂಡಲ, ಶಾಂತಳ್ಳಿ ಕಡೆಯವೇ ಜಾಸ್ತಿ. ಚಪ್ಪಲಿಗೆ, ಬೆಲ್ಟಿಗೆ ಬೂಷ್ಟು ಹಿಡಿಯುವ ಮನೆಯಲ್ಲಿ ರ್‍ಯಾಮ್ ಮಾತ್ರ ಹೊಳೆಯುತ್ತಾ ಕೂರುತ್ತದಾ?

ಚಾರ್ಜರ್ ತೆಗೆಯಿರಿ, ಬ್ಯಾಟರಿ ಕನೆಕ್ಟರ್ ಬಿಡಿಸಿ, ಪವರ್ ಬಟನ್ ಹದಿನೈದು ಸೆಕೆಂಡ್ ಒತ್ತಿ ಹಿಡಿಯಿರಿ. ಕೈಯಿಂದ ಕಿಟಕಿ ಸರಳು ಮುಟ್ಟಿ, ಮೈಯಲ್ಲಿರುವ ಸ್ಟ್ಯಾಟಿಕ್ ಇಳಿಯಲಿ. ರ್‍ಯಾಮ್‌ನ ಎರಡೂ ಬದಿಯ ಕ್ಲಿಪ್ ಹೊರಗೆ ಸರಿಸಿದರೆ ಅದೇ ಓರೆಯಾಗಿ ಮೇಲೆ ಏಳುತ್ತದೆ. ಅಂಚು ಹಿಡಿದು ಎಳೆಯಿರಿ. ಚಿನ್ನದ ಬಣ್ಣದ ಪಟ್ಟಿಯನ್ನು ಐಸೊಪ್ರೊಪೈಲ್ ಆಲ್ಕೋಹಾಲ್‌ನಿಂದ ಒರೆಸಿ. ಸಿಗದಿದ್ದರೆ ಮಕ್ಕಳ ಮೆತ್ತನೆಯ ಬಿಳಿ ರಬ್ಬರ್‌ನಿಂದ ಮೆಲ್ಲಗೆ ಉಜ್ಜಿ, ಪುಡಿ ಬ್ರಷ್‌ನಿಂದ ತೆಗೆಯಿರಿ. ಬಾಯಿಂದ ಊದಬೇಡಿ, ಇರುವ ತೇವ ಸಾಲದೇ?

ಆಮೇಲೆ ಒಂದೊಂದೇ ರ್‍ಯಾಮ್ ಹಾಕಿ ಟೆಸ್ಟ್ ಮಾಡಿ. ಒಂದು ಪಾಸಾಗಿ ಇನ್ನೊಂದು ಫೇಲಾದರೆ, ಫೇಲಾದದ್ದನ್ನು ಇನ್ನೊಂದು ಸ್ಲಾಟ್‌ಗೆ ಹಾಕಿ ನೋಡಿ. ಕೆಟ್ಟಿರುವುದು ರ್‍ಯಾಮೋ ಸ್ಲಾಟೋ ಆಗ ಗೊತ್ತಾಗುತ್ತದೆ.

ಶಾಂತಳ್ಳಿ_ಮಳೆ

ಬಿಚ್ಚಿದೆ. ಒಂದು ರ್‍ಯಾಮ್ ಪಟ್ಟಿಯ ಮೂಲೆಯಲ್ಲಿ ನಾಲ್ಕೈದು ಗೆರೆ ಚಿನ್ನದ ಬಣ್ಣ ಹೋಗಿ ಮಂಕಾಗಿತ್ತು, ಹಳೇ ತಾಮ್ರದ ಚೊಂಬಿನ ಹಾಗೆ. ಮಗಳ ರಬ್ಬರ್ ತಗೊಂಡು ಉಜ್ಜಿದೆ, ರಬ್ಬರ್ ಕಪ್ಪಾಯಿತು, ಅವಳ ಮುಖವೂ ಕಪ್ಪಾಯಿತು.

ಒಂದೊಂದೇ ಹಾಕಿ ನೋಡಿದೆ, ಎರಡೂ ಪಾಸ್. ಎರಡನ್ನೂ ಸೇರಿಸಿ ರಾತ್ರಿಯಿಡೀ ಬಿಟ್ಟೆ. ಮೂರು ಗಂಟೆಗೆ ಕರೆಂಟ್ ಹೋಯಿತು, ಬ್ಯಾಟರಿ ಮೊದಲೇ ಸತ್ತಿದೆ. ಬೆಳಿಗ್ಗೆ ಇನ್ವರ್ಟರ್‌ಗೆ ಚುಚ್ಚಿ ಮತ್ತೆ ಮೊದಲಿಂದ. ನಾಲ್ಕು ಸುತ್ತು ಟೆಸ್ಟ್, ಒಂದೂ ಎರರ್ ಇಲ್ಲ.

ಅದೇ ಪೆನ್‌ಡ್ರೈವ್, ಅದೇ ಐಎಸ್‌ಒ. 37 ದಾಟಿತು, 62 ದಾಟಿತು, ನಾನು ಉಸಿರು ಬಿಗಿಹಿಡಿದು ಕೂತಿದ್ದೆ. 100 ಆಯ್ತು! ವೈಫೈ ಡ್ರೈವರ್ ಇರಲಿಲ್ಲ, ಮೊಬೈಲ್‌ನಿಂದ ಯುಎಸ್‌ಬಿ ಟೆದರಿಂಗ್ ಮಾಡಿ ಮುಗಿಸಿದೆ. ಸೆಕ್ಯೂರ್ ಬೂಟ್ ವಾಪಸ್ ಆನ್ ಮಾಡಿದ್ದೇನೆ, ಕೇಳುವ ಮೊದಲೇ ಹೇಳಿಬಿಡುತ್ತೇನೆ.

ಗೋಣಿಕೊಪ್ಪ_ಪೆಂಗ್ವಿನ್

ಎಸ್‌ಎಸ್‌ಡಿ ಬಗ್ಗೆ ಹೇಳಿದ ಮಾತು ವಾಪಸ್ ತಗೊಂಡೆ. ಮಿಂಟ್ ಬಗ್ಗೆ ಹೇಳಿದ್ದು ತಗೊಳ್ಳಲ್ಲ. ಈಗ ಹಾಕಿದರೆ ಅದೂ ಆಗುತ್ತದೆ.

ಕುಶಾಲನಗರ_ರಿಪೇರಿ

ಖುಷಿಯಾಯಿತು. ಒಂದು ತಿಂಗಳು ಬಿಟ್ಟು ಇನ್ನೊಮ್ಮೆ ಮೆಮ್‌ಟೆಸ್ಟ್ ಓಡಿಸಿ. ಆಗ ಕೆಂಪು ಬಂದರೆ ಮಂಕಾಗಿದ್ದ ಆ ರ್‍ಯಾಮ್ ಬದಲಿಸಿ, ಮತ್ತೆ ಮತ್ತೆ ಉಜ್ಜಿದರೆ ಚಿನ್ನದ ಲೇಪ ಸವೆಯುತ್ತದೆ. ಮಳೆಗಾಲದಲ್ಲಿ ದಿನಾ ಒಂದು ಗಂಟೆಯಾದರೂ ಆನ್ ಮಾಡಿ, ಒಳಗೆ ಬೆಚ್ಚಗಾಗಲಿ. ಬಳಸದ ದಿನ ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಇಡಿ.

ಶಾಂತಳ್ಳಿ_ಮಳೆ

ಅಷ್ಟು ದೊಡ್ಡ ಡಬ್ಬಿ ಮನೆಯಲ್ಲಿ ಅಕ್ಕಿಯದ್ದು ಒಂದೇ ಇರುವುದು. ಅಕ್ಕಿ ಒಳಗೇ ಇಟ್ಟರೆ?

ಕುಶಾಲನಗರ_ರಿಪೇರಿ

ಬೇಡ ಅಕ್ಕ. ಅಕ್ಕಿಯ ಧೂಳು ಫ್ಯಾನ್‌ಗೆ ಹೋಗುತ್ತದೆ, ಆಮೇಲೆ ಇನ್ನೊಂದು ಪ್ರಶ್ನೆ ಹಾಕುತ್ತೀರಿ.