ಸಹಾಯ ಬೇಕು: ಎ ಪ್ಲಸ್ ಪರೀಕ್ಷೆಗೆ ಓದುತ್ತಿದ್ದೇನೆ, ಪೋರ್ಟ್ ನಂಬರ್ ನೆನಪಿರುತ್ತಿಲ್ಲ

ಎಲ್ಲರಿಗೂ ನಮಸ್ಕಾರ. ಹುಬ್ಬಳ್ಳಿಯಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿಯಲ್ಲಿ ಕೆಲಸ ಮಾಡುತ್ತೇನೆ. ರಾತ್ರಿ ಕುಳಿತು ಕಾಂಪ್‌ಟಿಯಾ ಎ ಪ್ಲಸ್ (ಕಂಪ್ಯೂಟರ್ ಸಪೋರ್ಟ್ ಕೆಲಸದ ಸರ್ಟಿಫಿಕೇಟ್ ಪರೀಕ್ಷೆ) ಕೋರ್ 1 ಓದುತ್ತಿದ್ದೇನೆ, ಪರೀಕ್ಷೆಯ ಕೋಡ್ ಹೊಸ 220-1201.

ರ‍್ಯಾಮ್ ಬದಲಿಸೋದು, ಎಸ್‌ಎಸ್‌ಡಿ ಹಾಕೋದು ಕೈಗೆ ಬಂದಿದೆ. ಪೋರ್ಟ್ ನಂಬರ್ (ನೆಟ್‌ವರ್ಕ್‌ನಲ್ಲಿ ಒಂದೊಂದು ಸೇವೆಗೆ ಇರುವ ಸಂಖ್ಯೆ) ಮಾತ್ರ ತಲೆಯಲ್ಲಿ ನಿಲ್ಲುತ್ತಿಲ್ಲ. 22 ಎಸ್‌ಎಸ್‌ಎಚ್, 53 ಡಿಎನ್‌ಎಸ್, 3389 ರಿಮೋಟ್ ಡೆಸ್ಕ್‌ಟಾಪ್ ಅಂತ ಚೀಟಿ ಬರೆದು ಮಾನಿಟರ್ ಅಂಚಿಗೆ ಅಂಟಿಸಿದ್ದೇನೆ. ಆದರೂ ಇಮೇಲ್ ತರಿಸಿಕೊಳ್ಳುವ ಎರಡು ವಿಧಾನಗಳಾದ ಪಾಪ್3ರ 110, ಐಮ್ಯಾಪ್‌ನ 143 ದಿನಾ ಅದಲುಬದಲು ಆಗುತ್ತವೆ. ನೀವು ಹೇಗೆ ನೆನಪಿಟ್ಟಿರಿ?

ಇನ್ನೊಂದು ಭಯ ಸಮಯದ್ದು. 90 ನಿಮಿಷದಲ್ಲಿ 90 ಪ್ರಶ್ನೆಗಳವರೆಗೆ ಬರಬಹುದು, ಪಾಸಾಗಲು 675 ಅಂಕ ಬೇಕು. ಮಾಡಿ ತೋರಿಸುವ ಪ್ರಶ್ನೆಗಳನ್ನು ಕೊನೆಗೆ ಬಿಡುವುದೇ ಒಳ್ಳೆಯದು ಅಲ್ವಾ?

ಡಂಪ್ (ಸೋರಿಕೆಯಾದ ಪ್ರಶ್ನೆ-ಉತ್ತರ) ದಯವಿಟ್ಟು ಬೇಡ, ಕಲಿತೇ ಪಾಸಾಗಬೇಕು. ಬರೆದವರು ಯಾರಾದರೂ ಇದ್ದರೆ ಹೇಳಿ.